ದೇವರಿಗೆ ಮೊದಲ ಸ್ಥಾನ ಅಂದರೆ ಬೆಳಗಿನ ನಾಲ್ಕು ಗಂಟೆಯೇ?

ಪ್ರಶ್ನೆ: ನಾನು ಹೊಸನಗರ ಕಡೆಯವಳು, ವಯಸ್ಸು 41. ನಾವು ಕಥೋಲಿಕರು, ಮನೆಮಾತು ಕೊಂಕಣಿ. ಎರಡು ಎಕರೆ ಅಡಿಕೆ ತೋಟ, ಎರಡು ಹಸು, ಹೈಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು. ಅತ್ತೆಗೆ ಲಕ್ವ ಹೊಡೆದು ಒಂದೂವರೆ ವರ್ಷವಾಯಿತು. ಊಟ, ಸ್ನಾನ, ಮಲಮೂತ್ರ ಎಲ್ಲ ಹಾಸಿಗೆಯಲ್ಲೇ, ಎಲ್ಲಕ್ಕೂ ನಾನೇ. ಚರ್ಚು 14 ಕಿ.ಮೀ. ದೂರ, ತಿಂಗಳಿಗೆ ಎರಡು ಭಾನುವಾರವಾದರೂ ಪೂಜೆ ತಪ್ಪುತ್ತದೆ. ನಮ್ಮ ಪ್ರಾರ್ಥನಾ ಗುಂಪಿನ ಅಕ್ಕ ಒಬ್ಬರು, "ನಿನ್ನ ಮನೆಯಲ್ಲಿ ದೇವರಿಗೆ ಮೊದಲ ಸ್ಥಾನ ಇಲ್ಲ, ಅದಕ್ಕೇ ಅತ್ತೆ ಏಳುತ್ತಿಲ್ಲ. ನಾಲ್ಕಕ್ಕೆ ಎದ್ದು ಒಂದು ಗಂಟೆ ಪ್ರಾರ್ಥನೆ ಮಾಡು, ಬಂದ ದುಡ್ಡಲ್ಲಿ ಹತ್ತರಲ್ಲೊಂದು ಪಾಲು ಮೊದಲು ತೆಗೆದಿಡು" ಅಂದರು. ಎರಡು ತಿಂಗಳು ನಾಲ್ಕಕ್ಕೆ ಎದ್ದೆ. ಜಪಸರ ಕೈಯಲ್ಲಿರುತ್ತದೆ, ಕಣ್ಣು ಮುಚ್ಚಿಹೋಗುತ್ತದೆ. ರಾತ್ರಿ ಮೊಬೈಲಿನಲ್ಲಿ ಪ್ರವಚನ ಕೇಳುತ್ತೇನೆ, ಒಂದೊಂದು ದಿನ ಎರಡು ಗಂಟೆ. ಆದರೂ ಒಳಗೆ ಖಾಲಿ ಖಾಲಿ. ಕೊಯ್ಲಿನ ಹೊತ್ತಲ್ಲಿ ಐದು ದಿನದ ಧ್ಯಾನಕೂಟಕ್ಕೆ ಹೋಗುತ್ತೇನೆ ಅಂದದ್ದಕ್ಕೆ ಮನೆಯವರು ಸಿಟ್ಟಾದರು. ನನ್ನ ವಿಶ್ವಾಸವೇ ಕಡಿಮೆಯೇ? ದೇವರನ್ನು ಮೊದಲಿಗಿಡುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಒಂದೇ ಗಂಟಾಗಿ ಕೂತಿವೆ. ದೇವರಿಗೆ ಮೊದಲ ಸ್ಥಾನ ಕೊಟ್ಟಿದ್ದೇನೋ ಇಲ್ಲವೋ ಎಂಬ ಅಳುಕು ಒಂದು. ಒಳಗಿನ ಹಸಿವು ಇನ್ನೊಂದು. ನಾಲ್ಕು ಗಂಟೆಯ ಪ್ರಾರ್ಥನೆಯನ್ನು ಎರಡಕ್ಕೂ ಒಂದೇ ಮದ್ದು ಅಂತ ನಿಮ್ಮ ಕೈಗೆ ಕೊಟ್ಟಿದ್ದಾರೆ. ಮೊದಲನೆಯದಕ್ಕೆ ಅದು ತಾಗುವುದೇ ಇಲ್ಲ. ಎರಡನೆಯದನ್ನು ಅದು ಇನ್ನಷ್ಟು ಕೆರಳಿಸಿದೆ.

ಅತ್ತೆಯ ಕಾಯಿಲೆಯ ಮಾತನ್ನು ಮೊದಲು ತೆಗೆದುಹಾಕೋಣ, ನಿಮಗೆ ಹೆಚ್ಚು ನಾಟಿರುವ ಮುಳ್ಳು ಅದೇ. ಲಕ್ವ ಹೊಡೆಯುವುದು ಮೆದುಳಿನ ರಕ್ತನಾಳ ಕಟ್ಟಿಕೊಂಡಾಗ ಇಲ್ಲವೇ ಒಡೆದಾಗ. ಸೊಸೆ ಎಷ್ಟು ಗಂಟೆಗೆ ಏಳುತ್ತಾಳೆ ಅನ್ನುವುದಕ್ಕೂ ಅದಕ್ಕೂ ನಂಟಿಲ್ಲ. ಹುಟ್ಟುಕುರುಡನನ್ನು ತೋರಿಸಿ ಇದು ಯಾರ ಪಾಪ ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಎಂದು ಯೇಸುಸ್ವಾಮಿ ನೇರವಾಗಿಯೇ ಹೇಳಿದರು (ಯೋವಾನ್ನ 9:3). ಸಿಲೋವಾಮಿನ ಗೋಪುರ ಕುಸಿದು ಸತ್ತ 18 ಜನ ಉಳಿದವರಿಗಿಂತ ದೊಡ್ಡ ಪಾಪಿಗಳೇ ಎಂಬ ಲೆಕ್ಕವನ್ನೂ ಅವರು ಒಪ್ಪಲಿಲ್ಲ (ಲೂಕ 13:4). ಯೋಬನ ಗೆಳೆಯರು ನಿಮ್ಮ ಅಕ್ಕನ ಮಾತನ್ನೇ ಅಧ್ಯಾಯಗಟ್ಟಲೆ ಆಡಿದರು. ಕೊನೆಗೆ ದೇವರ ಸಿಟ್ಟು ತಿರುಗಿದ್ದು ಆ ಗೆಳೆಯರ ಕಡೆಗೆ.

ಇನ್ನು "ಮೊದಲು" ಎಂಬ ಮಾತು. ಎಲ್ಲರ ಬಾಯಲ್ಲಿರುವುದು ಮತ್ತಾಯ 6:33 ಒಂದೇ: ಮೊದಲು ದೇವರ ರಾಜ್ಯವನ್ನು ಅರಸಿರಿ. ಅದೇ ಶುಭಸಂದೇಶದಲ್ಲಿ ಅದೇ "ಮೊದಲು" ಇನ್ನೂ ಕೆಲವು ಕಡೆ ಆಜ್ಞೆಯಾಗಿ ಬಂದಿದೆ, ಅವನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ. ಬಲಿಪೀಠದ ಮುಂದೆ ನಿಂತಾಗ ಸೋದರನ ಜೊತೆಗಿನ ಮನಸ್ತಾಪ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು, ಮೊದಲು ಹೋಗಿ ರಾಜಿಯಾಗು (5:24). ಮೊದಲು ನಿನ್ನ ಕಣ್ಣಿನ ತೊಲೆ ತೆಗೆ (7:5). ಮೊದಲು ಲೋಟದ ಒಳಗನ್ನು ತೊಳೆ (23:26). ನಾಲ್ಕನ್ನೂ ಒಟ್ಟಿಗಿಟ್ಟು ಓದಿದರೆ ದೇವರನ್ನು ಮೊದಲಿಗಿಡುವುದು ಅಂದರೆ ದಿನದ ಮೊದಲ ಗಂಟೆ ಅವರಿಗೆ, ಆಮೇಲಿನದ್ದು ಗಂಡನಿಗೆ, ಅತ್ತೆಗೆ, ಹಸುವಿಗೆ ಎಂದು ಸಾಲು ನಿಲ್ಲಿಸುವುದಲ್ಲ ಎಂಬುದು ತಿಳಿಯುತ್ತದೆ. ದೇವರು ಆ ಸಾಲಿನಲ್ಲಿ ನಿಲ್ಲುವವರೇ ಅಲ್ಲ. ಅತ್ತೆಗೆ ಗಂಜಿ ಕುಡಿಸುವಾಗ, ಕೂಲಿಯವರ ಲೆಕ್ಕ ಮಾಡುವಾಗ, ಗಂಡನಿಗೆ ಉತ್ತರ ಕೊಡುವಾಗ ಯಾರ ಮನಸ್ಸಿಗೆ ಒಪ್ಪುವಂತೆ ನಡೆಯುತ್ತೀರಿ ಎಂಬುದರಲ್ಲಿ ಆ ಮೊದಲ ಸ್ಥಾನ ಇದೆ.

ಇದು ನಾನು ಹಗುರ ಮಾಡಿ ಹೇಳುವ ಮಾತಲ್ಲ. "ಕೊರ್ಬಾನ್" ಎಂಬ ಪದ್ಧತಿಯನ್ನು ಮಾರ್ಕ 7ನೇ ಅಧ್ಯಾಯದಲ್ಲಿ ನೋಡಿ. ಹೆತ್ತವರಿಗೆ ಕೊಡಬೇಕಾದ್ದನ್ನು ದೇವರಿಗೆ ಮುಡಿಪು ಎಂದುಬಿಟ್ಟರೆ ಅವರನ್ನು ಸಾಕುವ ಹೊಣೆ ತಪ್ಪುತ್ತಿತ್ತು. ದೇವರ ಹೆಸರಲ್ಲಿ ದೇವರ ಆಜ್ಞೆಯನ್ನೇ ಮುರಿಯುತ್ತಿದ್ದೀರಿ ಎಂದು ಯೇಸು ಬೈದದ್ದು ಇದಕ್ಕೇ. ಹಾಗೆಂದು ಕಠಿಣ ವಾಕ್ಯಗಳನ್ನು ಮುಚ್ಚಿಡಬಾರದು. ತಂದೆತಾಯಿಯನ್ನು ನನಗಿಂತ ಹೆಚ್ಚು ಪ್ರೀತಿಸುವವನು ನನಗೆ ತಕ್ಕವನಲ್ಲ ಎಂಬುದೂ ಅವರದೇ ಮಾತು (ಮತ್ತಾಯ 10:37). ಅದು ಕೆಲಸಕ್ಕೆ ಬರುವುದು ಮನೆಯವರು ತಪ್ಪು ದಾರಿಗೆ ಎಳೆದಾಗ: ಕಳಪೆ ಅಡಿಕೆ ಬೆರೆಸಿ ಮಾರು, ಸುಳ್ಳು ಸಾಕ್ಷಿಗೆ ಸಹಿ ಹಾಕು, ಪ್ರಾರ್ಥನೆಯನ್ನೇ ಬಿಡು ಅಂದಾಗ. ಹಾಸಿಗೆ ಹಿಡಿದವರ ಬಟ್ಟೆ ಬದಲಿಸುವ ಕೆಲಸದ ಎದುರು ಆ ವಾಕ್ಯ ಹಿಡಿಯುವಂತಿಲ್ಲ.

ನಾಲ್ಕು ಗಂಟೆಗೆ ಬರೋಣ. ಆ ಹೊತ್ತಿಗೆ ದೇವರ ಕಿವಿ ಹೆಚ್ಚು ಚುರುಕು ಎಂಬುದಕ್ಕೆ ಬೈಬಲಿನಲ್ಲಿ ಆಧಾರವಿಲ್ಲ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಪ್ರಾರ್ಥನೆಗೆ ಹೋದದ್ದು ನಿಜ (ಮಾರ್ಕ 1:35). ರಾತ್ರಿಯಿಡೀ ಪ್ರಾರ್ಥಿಸಿದ್ದೂ ಉಂಟು. ಬಿರುಗಾಳಿಯ ನಡುವೆ ದೋಣಿಯಲ್ಲಿ ತಲೆದಿಂಬಿಟ್ಟು ಗಾಢವಾಗಿ ನಿದ್ದೆ ಮಾಡಿದ್ದೂ ಅದೇ ಮಾರ್ಕನಲ್ಲಿದೆ. ಬೇಗ ಎದ್ದು ತಡವಾಗಿ ಮಲಗಿ ಹೆಣಗುವುದು ವ್ಯರ್ಥ, ತನಗೆ ಪ್ರಿಯರಾದವರಿಗೆ ದೇವರು ನಿದ್ದೆ ಕೊಡುತ್ತಾರೆ ಎನ್ನುತ್ತದೆ ಕೀರ್ತನೆ 127. ಸಾಯುವಷ್ಟು ಬೇಸರವಾಗಿ ಮರುಭೂಮಿಯ ಗಿಡದ ಕೆಳಗೆ ಮಲಗಿದ ಎಲೀಯನ ಬಳಿ ಬಂದ ದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಆಮೇಲೆ ನಲವತ್ತು ದಿನದ ನಡಿಗೆ. ನೀವು ರಾತ್ರಿ ಎರಡು ಗಂಟೆ ಮೊಬೈಲು ನೋಡಿ, ನಡುವೆ ಅತ್ತೆಗಾಗಿ ಎದ್ದು, ನಾಲ್ಕಕ್ಕೆ ಮತ್ತೆ ಎದ್ದರೆ ಜಪಸರದ ಮೇಲೆ ಕಣ್ಣು ಮುಚ್ಚದೆ ಇನ್ನೇನಾದೀತು? ಅದು ವಿಶ್ವಾಸದ ಕೊರತೆ ಅಲ್ಲ, ನಿದ್ದೆಯ ಬಾಕಿ. ಮೊದಲ ಹದಿನೈದು ದಿನ ಬೇರೇನೂ ಬದಲಿಸಬೇಡಿ, ರಾತ್ರಿ ಹತ್ತಕ್ಕೆ ಮೊಬೈಲು ಪಡಸಾಲೆಯಲ್ಲಿಟ್ಟು ಮಲಗಿ, ಐದೂವರೆಗೆ ಏಳಿ. ಖಾಲಿ ಅನ್ನಿಸುವುದರಲ್ಲಿ ಎಷ್ಟು ಪಾಲು ಬರೀ ದಣಿವು ಎಂಬುದು ಆಗಲೇ ಗೊತ್ತಾಗಿಬಿಡುತ್ತದೆ.

ಉಳಿದ ಹಸಿವು ನಿಜವಾದ ಹಸಿವು. ಅದಕ್ಕೆ ಆಹಾರ ಬೇಕು, ಆದರೆ ಪ್ರವಚನ ಏಕೆ ಹೊಟ್ಟೆ ತುಂಬಿಸುತ್ತಿಲ್ಲ? ಅದು ಬೇರೆಯವರು ಅಗಿದದ್ದು. ಕೇಳುವಾಗ ಕಣ್ಣಲ್ಲಿ ನೀರೂ ಬರಬಹುದು, ಮುಗಿಯುವ ಮೊದಲೇ ಇನ್ನೊಂದು ತಾನಾಗಿ ಶುರುವಾಗುತ್ತದೆ, ಮೊದಲನೆಯದು ಅಳಿಸಿಹೋಗುತ್ತದೆ. ಅದರ ಮೇಲೆ, ಮೊಬೈಲಿನಲ್ಲಿ ಮಾತಾಡುವವರು ಒಂದೇ ಸಭೆಯವರಲ್ಲ. ಒಬ್ಬರು ಜಪಸರ ಹೇಳು ಅನ್ನುತ್ತಾರೆ, ಮುಂದಿನವರು ಜಪಸರವೇ ತಪ್ಪು ಅನ್ನುತ್ತಾರೆ. ಹನ್ನೊಂದು ಗಂಟೆ ರಾತ್ರಿ, ದಣಿದ ತಲೆಗೆ ಇದೆಲ್ಲ ಬೇಕೇ? ಕೇಳಲೇಬೇಕೆಂದಿದ್ದರೆ ಹಗಲು ಅಡಿಕೆ ಸುಲಿಯುವಾಗ ಒಂದನ್ನು ಕೇಳಿ, ಇಪ್ಪತ್ತು ನಿಮಿಷದ್ದು. ಮುಗಿದ ಮೇಲೆ ಮೊಬೈಲು ಆಫ್ ಮಾಡಿ, ಸುಮ್ಮನೆ ಸುಲಿಯಿರಿ. ಯಾವ ಮಾತು ಉಳಿಯಿತೋ ಅದು ನಿಮ್ಮದು.

ಇಸ್ರಯೇಲರಿಗೆ ಬಿದ್ದ ಮನ್ನಾದ ಅಳತೆ ತಲೆಗೆ ಒಂದು ಓಮೆರ್, ಸುಮಾರು ಎರಡು ಲೀಟರಿನಷ್ಟು. ನಾಳೆಗೆಂದು ಕೂಡಿಟ್ಟದ್ದರಲ್ಲಿ ಹುಳ ಬಿತ್ತು, ಬಿಸಿಲೇರಿದ ಮೇಲೆ ಹುಡುಕಿದರೆ ಕರಗಿಹೋಗಿರುತ್ತಿತ್ತು (ವಿಮೋಚನಾಕಾಂಡ 16). ದಿನಕ್ಕೆ ಸ್ವಲ್ಪ, ಆ ದಿನಕ್ಕೆ ಸಾಕಾಗುವಷ್ಟು. ನಿಮಗೆ ನಾನು ಹೇಳುವ ಅಳತೆ ಹದಿನೈದು ನಿಮಿಷ.

ಎಲ್ಲಿ ಅಂದರೆ, ಬಚ್ಚಲ ಒಲೆಯ ಮುಂದೆ. ಮಳೆಗಾಲದಲ್ಲಿ ಹಂಡೆ ನೀರು ಕಾಯಲು ಅರ್ಧ ಗಂಟೆ ಹೇಗೂ ಬೇಕು. ಹಸಿ ಸೌದೆ, ಮೊದಲು ಒಣಗಿದ ಅಡಿಕೆ ಹಾಳೆ ಹಾಕಿ ಹೊತ್ತಿಸಿ ಊದುವ ಕೆಲಸ ಮುಗಿದ ಮೇಲೆ ಉರಿ ಹಿಡಿಯುವ ತನಕ ನೀವು ಅಲ್ಲಿಂದ ಏಳುವಂತಿಲ್ಲ, ಯಾರೂ ಅಲ್ಲಿಗೆ ಬರುವುದೂ ಇಲ್ಲ. ಮನೆಯಲ್ಲಿ ನಿಮಗೆ ಮಾತ್ರ ಸೇರಿದ ಹೊತ್ತು ಅದೊಂದೇ ಇರಬೇಕು. ಒಂದು ಮಣೆ ಹಾಕಿಕೊಳ್ಳಿ. ಹೊಸ ಒಡಂಬಡಿಕೆಯ ಚಿಕ್ಕ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಳಗೆ ಬೆಚ್ಚಗಿನ ಜಾಗದಲ್ಲಿಡಿ, ಆಷಾಢದಲ್ಲಿ ಬಚ್ಚಲಲ್ಲೇ ಬಿಟ್ಟರೆ ವಾರದಲ್ಲಿ ಬೂಸ್ಟು. ಮಾರ್ಕನಿಂದ ಆರಂಭಿಸಿ. 16 ಅಧ್ಯಾಯ, ದಿನಕ್ಕೆ ಎಂಟು ಹತ್ತು ವಾಕ್ಯದಂತೆ ಎರಡೂವರೆ ತಿಂಗಳಿಗೆ ಮುಗಿಯುತ್ತದೆ.

ಎರಡು ನಿಮಿಷ ಉರಿ ನೋಡುತ್ತ ಸುಮ್ಮನಿರಿ. ಆ ದಿನದ ಭಾಗವನ್ನು ಒಮ್ಮೆ ಓದಿ, ಎರಡನೇ ಸಲ ತುಟಿ ಅಲ್ಲಾಡುವಷ್ಟು ಗಟ್ಟಿಯಾಗಿ ಓದಿ. ಎಲ್ಲಾದರೂ ಒಂದು ಪದ ತಡೆದರೆ ಅಲ್ಲೇ ನಿಲ್ಲಿ, ಮುಂದೆ ಹೋಗಬೇಡಿ. ಹಸು ಮೆಲುಕು ಹಾಕುವುದನ್ನು ದಿನಾ ನೋಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಆಮೇಲೆ ಆ ಪದ ಹಿಡಿದುಕೊಂಡು ದೇವರ ಜೊತೆ ಮಾತಾಡಿ, ದೂರಾದರೂ ಸರಿ. ಕೊನೆಗೆ ಮತ್ತೆ ಒಂದೆರಡು ನಿಮಿಷ ಮೌನ. 12ನೇ ಶತಮಾನದಲ್ಲಿ ಗ್ವಿಗೋ ಎಂಬ ಮಠವಾಸಿ ಓದು, ಮನನ, ಪ್ರಾರ್ಥನೆ, ಧ್ಯಾನ ಎಂದು ನಾಲ್ಕು ಮೆಟ್ಟಿಲಾಗಿ ಬರೆದಿಟ್ಟದ್ದು ಇದನ್ನೇ.

ಭಾಷೆಯ ಬಗ್ಗೆ ಒಂದು ಮಾತು. ಮಲೆನಾಡಿನ ಎಷ್ಟೋ ಕೊಂಕಣಿ, ಮಲಯಾಳಿ ಕ್ರೈಸ್ತ ಮನೆಗಳಲ್ಲಿ ಪೂಜೆ ಕನ್ನಡದಲ್ಲಿ, ಬೈಬಲ್ ಕನ್ನಡದಲ್ಲಿ, ಮನೆಮಾತು ಬೇರೆ. ದೇವರ ಜೊತೆಗೂ ಗ್ರಂಥದ ಕನ್ನಡದಲ್ಲೇ ಮಾತಾಡಲು ಹೋಗಿ ಪ್ರಾರ್ಥನೆ ಅರ್ಜಿ ಬರೆದ ಹಾಗಾಗುತ್ತದೆ. ಓದುವುದು ಕನ್ನಡದಲ್ಲಿರಲಿ. ಮಾತಾಡುವುದು ಮಾತ್ರ ನಿಮ್ಮಮ್ಮ ನಿಮ್ಮನ್ನು ಬೈದ ಭಾಷೆಯಲ್ಲಿ.

ಇದು ಕೆಡುವ ಬಗೆಗಳೂ ಗೊತ್ತಿರಲಿ. ಆದಿಕಾಂಡದಿಂದ ಇಡೀ ಬೈಬಲ್ ಓದುತ್ತೇನೆಂದು ಹೊರಟವರು ಹೆಚ್ಚಾಗಿ ಯಾಜಕಕಾಂಡದಲ್ಲಿ ನಿಂತುಬಿಡುತ್ತಾರೆ, ಬಲಿಯ ಕೊಬ್ಬು, ಮೂತ್ರಪಿಂಡಗಳ ನಿಯಮಗಳ ನಡುವೆ. ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಟ್ಟ ವಾಕ್ಯವೇ ಇವತ್ತಿನ ಸಂದೇಶ ಅನ್ನುವುದು ಕಣಿ ಕೇಳಿದಂತೆಯೇ, ಅದು ಬೇಡ. ಒಂದು ದಿನ ತಪ್ಪಿದರೆ ಮರುದಿನ ಎರಡು ದಿನದ್ದು ಓದಿ ಸರಿಗಟ್ಟಬೇಡಿ. ಹಾಗೆ ಶುರುವಾದರೆ ವಾರದಲ್ಲಿ ಅದು ಬಾಕಿ ವಸೂಲಿ ಆಗುತ್ತದೆ, ಹದಿನೈದು ದಿನದಲ್ಲಿ ಪುಸ್ತಕ ನೋಡಿದರೇ ತಪ್ಪಿತಸ್ಥರ ಹಾಗೆ ಅನ್ನಿಸುತ್ತದೆ.

ಜಪಸರ ಬಿಡಬೇಕಿಲ್ಲ, ಅದನ್ನು ಅತ್ತೆಯ ಹಾಸಿಗೆಯ ಪಕ್ಕಕ್ಕೆ ತನ್ನಿ. ಐವತ್ತಮೂರು ನಮಾನ್ ಮರಿಯೆ (ಮರಿಯಮ್ಮನಿಗೆ ನಮನದ ಪ್ರಾರ್ಥನೆ) ಒಟ್ಟಿಗೆ ಬೇಡ, ಹತ್ತು ಮಣಿಯ ಒಂದು ದಶಕ ಸಾಕು, ಕೊಂಕಣಿಯಲ್ಲಿ, ಗಟ್ಟಿಯಾಗಿ. ಲಕ್ವದಿಂದ ಮಾತು ಹೋದವರಲ್ಲಿ ಕೆಲವರಿಗೆ ಹೊಸ ವಾಕ್ಯ ಒಂದೂ ಬಾರದಿದ್ದರೂ ಚಿಕ್ಕಂದಿನಿಂದ ಬಾಯಿಪಾಠವಾದ ಪ್ರಾರ್ಥನೆ, ಹಾಡು ಬಾಯಿಗೆ ಬರುತ್ತದೆ. ಮೆದುಳಿನಲ್ಲಿ ಅವೆರಡರ ದಾರಿ ಒಂದೇ ಅಲ್ಲ. ಅರ್ಧ ನೀವು ಹೇಳಿ ನಿಲ್ಲಿಸಿ, ಸ್ವಲ್ಪ ಕಾಯಿರಿ. ತುಟಿ ಅಲ್ಲಾಡಿದರೂ ಆಯಿತು, ಅಲ್ಲಾಡದಿದ್ದರೂ ಕಿವಿಗಂತೂ ಬೀಳುತ್ತದೆ. ಮುಪ್ಪಿನಲ್ಲಿ ಕೈಬಿಡಬೇಡ ಎಂದು ಬೇಡುವ ಕೀರ್ತನೆ 71 ಇಬ್ಬರಿಗೂ ಹೊಂದುತ್ತದೆ.

ಭಾನುವಾರದ ಪೂಜೆ ಕಥೋಲಿಕರಿಗೆ ಕಡ್ಡಾಯವೇ, ಅದನ್ನು ಸಡಿಲಿಸಿ ಹೇಳಲಾರೆ. ಆದರೆ ಗಂಭೀರ ಕಾರಣವಿದ್ದವರಿಗೆ ಆ ಕಟ್ಟು ಅನ್ವಯಿಸುವುದಿಲ್ಲ ಎಂದು ಸಭೆಯ ಅಧಿಕೃತ ಬೋಧನೆಯ ಗ್ರಂಥವಾದ ಕಥೋಲಿಕ ಧರ್ಮೋಪದೇಶದ 2181ನೇ ಪರಿಚ್ಛೇದ ಹೇಳುತ್ತದೆ. ಕಾಯಿಲೆ, ಹಸುಗೂಸಿನ ಆರೈಕೆ ಅಲ್ಲಿ ಕೊಟ್ಟಿರುವ ಉದಾಹರಣೆಗಳು. ನೋಡಿಕೊಳ್ಳಲು ಬೇರೆ ಯಾರೂ ಇಲ್ಲದ ಭಾನುವಾರ ಅತ್ತೆಯ ಬಳಿ ಉಳಿಯುವುದೂ ಅಂಥದ್ದೇ, ಅದನ್ನು ಪಾಪನಿವೇದನೆಯಲ್ಲಿ ಹೊತ್ತು ತರಬೇಕಿಲ್ಲ. ಅನುಮಾನವಿದ್ದರೆ ನಿಮ್ಮ ಧರ್ಮಕೇಂದ್ರದ ಫಾದರ್ ಬಳಿ ಒಮ್ಮೆ ಕೇಳಿ, ವಿನಾಯಿತಿ ಕೊಡುವ ಅಧಿಕಾರ ಅವರಿಗಿದೆ. ಶನಿವಾರ ಸಂಜೆಯ ಪೂಜೆಯೂ ಭಾನುವಾರದ್ದಕ್ಕೆ ಸಲ್ಲುತ್ತದೆ, ಬಸ್ಸು ಆ ದಿನ ಅನುಕೂಲವಿದ್ದರೆ ನೋಡಿ. ಮೊಬೈಲಿನಲ್ಲಿ ಪೂಜೆ ನೋಡುವುದು ಸಮಾಧಾನಕ್ಕೆ ಸರಿ, ಅದು ಪೂಜೆಗೆ ಹೋದದ್ದಕ್ಕೆ ಸಮವಲ್ಲ.

ಮನೆಗೆ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ತರಿಸಿಕೊಳ್ಳಬಹುದು ಎಂಬುದನ್ನು ಎಷ್ಟೋ ಮನೆಗಳು ಸಾಯುವ ಹೊತ್ತಿಗೆ ಮಾತ್ರ ನೆನಪು ಮಾಡಿಕೊಳ್ಳುತ್ತವೆ. ಹಾಸಿಗೆ ಹಿಡಿದವರಿಗಾಗಿ ತಿಂಗಳಿಗೊಮ್ಮೆಯಾದರೂ ಬರುವಂತೆ ಫಾದರ್‌ಗೆ ಹೇಳಿ. ಮಂಚದ ಪಕ್ಕ ಚಿಕ್ಕ ಮೇಜು, ಬಿಳಿ ಬಟ್ಟೆ, ಒಂದು ಮೇಣದಬತ್ತಿ, ಒಂದು ಲೋಟ ನೀರು ಇದ್ದರೆ ಸಾಕು. ನುಂಗಲು ಕಷ್ಟವಿದೆ ಎಂಬುದನ್ನು ಮೊದಲೇ ತಿಳಿಸಿ, ಚೂರು ಮಾಡಿ ಕೊಡುತ್ತಾರೆ. ತಲೆ ಎತ್ತರಿಸಿ ಕೂರಿಸಿ, ನೀರು ಚಮಚದಲ್ಲಿ ಕೊಡಿ. ಮಲಗಿದಲ್ಲೇ ಕುಡಿಸಿದರೆ ಶ್ವಾಸನಾಳಕ್ಕೆ ಹೋದೀತು. ಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ರೋಗಿಗೂ ಇಲ್ಲ, ಆರೈಕೆ ಮಾಡುವ ನಿಮಗೂ ಇಲ್ಲ. ಅದೇ ದಿನ ನೀವೂ ಸ್ವೀಕರಿಸಬಹುದು.

ದುಡ್ಡಿನ ಮಾತು. ಹಳೆ ಒಡಂಬಡಿಕೆಯ ದಶಮಾಂಶ ಧಾನ್ಯ, ದ್ರಾಕ್ಷಾರಸ, ಎಣ್ಣೆ, ಮಂದೆಯ ಮೇಲಿನದ್ದು. ಪ್ರತಿ ಮೂರನೇ ವರ್ಷದ್ದು ಊರಲ್ಲೇ ಉಳಿದು ಲೇವಿಯರಿಗೆ, ಪರದೇಶಿಗಳಿಗೆ, ಅನಾಥರಿಗೆ, ವಿಧವೆಯರಿಗೆ ಹೋಗುತ್ತಿತ್ತು (ಧರ್ಮೋಪದೇಶಕಾಂಡ 14). ಕಥೋಲಿಕ ಧರ್ಮಸಭೆ ನೆರವಾಗು ಅನ್ನುತ್ತದೆ, ಇಷ್ಟೇ ಶೇಕಡಾ ಅನ್ನುವುದಿಲ್ಲ. ಒತ್ತಾಯದಿಂದಲ್ಲ, ಮನಸ್ಸಿನಲ್ಲಿ ನಿಶ್ಚಯಿಸಿದಷ್ಟು ಎಂಬುದು ಪೌಲರ ಮಾತು. ನಿಮ್ಮದು ತಿಂಗಳ ಸಂಬಳವಲ್ಲ, ಅಡಿಕೆ ಮಂಡಿಗೆ ಹೋದಾಗ ಬರುವ ದುಡ್ಡು, ಅದರಲ್ಲೂ ಒಂದು ಪಾಲು ಮುಂಗಡದ ಸಾಲಕ್ಕೆ ಹಿಡಿದುಕೊಂಡೇ ಬರುತ್ತದೆ. ಹಾಗಾಗಿ ಮಂಡಿಯ ಲೆಕ್ಕದ ಪಟ್ಟಿ ಕೈಗೆ ಬಂದ ದಿನ ಕೊನೆಗಾರರ (ಮರ ಹತ್ತಿ ಗೊನೆ ಇಳಿಸುವವರ), ಸುಲಿದವರ ಕೂಲಿ ಮೊದಲು ಚುಕ್ತಾ ಮಾಡಿ. ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಎಂಬ ಆಜ್ಞೆ ಯಾಜಕಕಾಂಡ 19ರಲ್ಲಿದೆ, ತಡೆಹಿಡಿದ ಕೂಲಿ ದೇವರ ಕಿವಿಗೆ ಕೂಗುತ್ತದೆ ಎನ್ನುತ್ತದೆ ಯಕೋಬನ ಪತ್ರ. ಆಮೇಲೆ ಔಷಧಿಯ ಬಾಕಿ. ಉಳಿದದ್ದರಲ್ಲಿ ಗಂಡ ಹೆಂಡತಿ ಕೂತು ಎಷ್ಟೆಂದು ಗೊತ್ತು ಮಾಡಿ, ಹತ್ತರಲ್ಲೊಂದು ಆಗದಿದ್ದರೆ ಐವತ್ತರಲ್ಲೊಂದು. ಸಂಘದ ಸಾಲ ತೆಗೆದು, ಬಂಗಾರ ಅಡವಿಟ್ಟು ಕೊಡುವುದು ಬೇಡವೇ ಬೇಡ. ಕೊಟ್ಟರೆ ನೂರು ಪಟ್ಟು ತಿರುಗಿ ಬರುತ್ತದೆ, ಈ ನಂಬರಿಗೆ ಹಾಕಿ ಅನ್ನುವವರು ಬಡ್ಡಿಯ ವ್ಯವಹಾರ ಮಾಡುತ್ತಿದ್ದಾರೆ, ದೇವರ ಕೆಲಸವನ್ನಲ್ಲ.

ಧ್ಯಾನಕೂಟದಲ್ಲಿ ನಿಮ್ಮ ಮನೆಯವರ ಸಿಟ್ಟಿಗೆ ಅರ್ಥವಿದೆ. ಕೊಯ್ಲು ತಪ್ಪಿದರೆ ಹಣ್ಣಾಗಿ ಉದುರುತ್ತದೆ, ಅತ್ತೆಯನ್ನು ಐದು ದಿನ ಯಾರು ಎತ್ತುತ್ತಾರೆ? ಪ್ರಾರ್ಥನೆಗಾಗಿ ದಂಪತಿಗಳು ದೂರವಿರುವುದಾದರೂ ಇಬ್ಬರೂ ಒಪ್ಪಿ, ಸ್ವಲ್ಪ ಕಾಲ ಎಂದಿದ್ದಾರೆ ಪೌಲರು (1 ಕೊರಿಂಥಿಯರಿಗೆ 7:5). ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮೊದಲ ಸಲ ಬೋರ್ಡೋ ದ್ರಾವಣ ಹೊಡೆದು ಎರಡನೆಯದಕ್ಕೆ 40–45 ದಿನ ಸಿಗುತ್ತದಲ್ಲ, ಆ ನಡುವಿನ ವಾರ ಕೇಳಿ ನೋಡಿ, ಐದು ದಿನ ಬೇಡ, ಒಂದೋ ಎರಡೋ. ಹೋದರೂ ಅಲ್ಲಿನ ಕಾವಿನಲ್ಲಿ ಹರಕೆ, ಪ್ರತಿಜ್ಞೆ ಮಾಡಿ ಬರಬೇಡಿ. ಆ ಉತ್ಸಾಹ ಸಾಮಾನ್ಯವಾಗಿ ಎರಡು ಮೂರು ವಾರ ಇರುತ್ತದೆ, ಪ್ರತಿಜ್ಞೆ ಮಾತ್ರ ಕುತ್ತಿಗೆಗೆ ಉಳಿಯುತ್ತದೆ. ಮನಸ್ಸು ಒಣಗಿರುವಾಗಲೂ ಅದೇ ನಿಯಮ. ಕತ್ತಲಲ್ಲಿರುವಾಗ ಹಿಂದೆ ಮಾಡಿದ ಒಳ್ಳೆಯ ನಿರ್ಧಾರ ಬದಲಿಸಬೇಡ ಎಂದು ಲೊಯೋಲಾದ ಸಂತ ಇಗ್ನೇಷಿಯಸ್ (1491–1556) ಬರೆದಿಟ್ಟಿದ್ದಾರೆ.

ನಿದ್ದೆ ಸರಿಯಾದ ಮೇಲೂ, ದಿನಾ ಓದಿದ ಮೇಲೂ ಸವಿ ಹತ್ತದೇ ಇರಬಹುದು. ಪ್ರಾರ್ಥನೆಯಲ್ಲಿ ರುಚಿ ಇಲ್ಲ, ಆದರೂ ದೇವರನ್ನು ಬಿಟ್ಟಿರಲಾಗದು, ಎಲ್ಲಿ ತಪ್ಪಿದೆನೋ ಎಂಬ ಕೊರಗಿದೆ ಅಂದರೆ, ಶಿಲುಬೆಯ ಸಂತ ಯೋವಾನ್ನ (1542–1591) ಅದನ್ನು ಬೆಳವಣಿಗೆಯ ಗುರುತೆಂದೇ ಎಣಿಸಿದರು. ಕೋಲ್ಕತ್ತದ ಮದರ್ ತೆರೇಸಾ ಇಂಥ ಒಣನೆಲದಲ್ಲಿ ದಶಕಗಟ್ಟಲೆ ನಡೆದರು. ಕೀರ್ತನೆ 88 ಕತ್ತಲೆ ಎಂಬಲ್ಲಿಗೇ ಮುಗಿಯುತ್ತದೆ, ಅದನ್ನೂ ಬೈಬಲಿನಲ್ಲಿ ಸೇರಿಸಿದ್ದಾರೆ. ಆದರೆ ಎಲ್ಲ ಖಾಲಿತನವೂ ಅದಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ ಮಕ್ಕಳ ಮಾತೂ ಬೇಡ, ಊಟವೂ ಬೇಡ, ಸುಮ್ಮನೆ ಅಳು, ಸಾಯೋಣ ಎಂಬ ಯೋಚನೆ ಇದ್ದರೆ ಫಾದರ್ ಬಳಿ ಹೋಗುವ ಮುಂಚೆಯೇ ವೈದ್ಯರ ಬಳಿ ಹೋಗಿ. ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಔಷಧಿ ತೆಗೆದುಕೊಂಡರೆ ವಿಶ್ವಾಸ ಕಡಿಮೆಯಾದಂತೆ ಅನ್ನುವವರು ತಮ್ಮ ಬಿಪಿ ಮಾತ್ರೆ ಬಿಡುವುದಿಲ್ಲ, ಗಮನಿಸಿ.

ಇನ್ನು ಆ ಅಕ್ಕ. ಅವರ ಜೊತೆ ವಾದಕ್ಕಿಳಿಯಬೇಡಿ, ಗುಂಪು ಬಿಡುವುದೂ ಬೇಡ. ನಿಮಗೆ ಜನ ಬೇಕು. ಮುಂದಿನ ಸಲ ಸಿಕ್ಕಾಗ ಒಂದು ಭಾನುವಾರ ಬೆಳಿಗ್ಗೆ ಮೂರು ಗಂಟೆ ಅತ್ತೆಯ ಹತ್ತಿರ ಕೂರುತ್ತೀರಾ ಎಂದು ಕೇಳಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನಿನ ಹಿಂದೆ ದಿಂಬು ಎಲ್ಲಿಡಬೇಕು, ಗಂಜಿ ಎಷ್ಟು ದಪ್ಪ ಇರಬೇಕು ಎಂಬುದನ್ನು ತೋರಿಸಿಕೊಟ್ಟು, ನೀವು ಬಸ್ಸು ಹತ್ತಿ.